ಹುಟ್ಟು, ಸಂಕಟ ಮತ್ತು ಪರಲೋಕ: ಹಿಂದೂ ಭಕ್ತಿಪಂಥಗಳ ನೋಟ ಹಾಗೂ ಮಲೆನಾಡಿನಲ್ಲಿ ನಮ್ಮ ಪಾಲನಾ ಸೇವೆ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಗುರುಗಳ ಮೇಜಿನ ಮೇಲೆ ವರ್ಷವಿಡೀ ಕೆಲವು ಆಹ್ವಾನ ಪತ್ರಿಕೆಗಳು ಬಂದು ಸೇರುತ್ತವೆ. ಒಂದರಲ್ಲಿ ‘ವೈಕುಂಠ ಸಮಾರಾಧನೆ’ ಎಂದಿರುತ್ತದೆ. ಇನ್ನೊಂದರಲ್ಲಿ ‘ಶಿವಗಣಾರಾಧನೆ’ ಎಂದಿರುತ್ತದೆ. ಮತ್ತೊಂದರಲ್ಲಿ, ನಮ್ಮದೇ ಕುಟುಂಬವೊಂದು ಅಚ್ಚು ಹಾಕಿಸಿದ ಪತ್ರಿಕೆಯಲ್ಲಿ, ‘ಸ್ವರ್ಗಸ್ಥರಾದ ನಮ್ಮ ತಂದೆಯವರ ಸ್ಮರಣಾರ್ಥ ಬಲಿಪೂಜೆ’ ಎಂದಿರುತ್ತದೆ. ಮೂರೂ ಪತ್ರಿಕೆಗಳು ಒಂದೇ ಅಚ್ಚುಕೂಟದಿಂದ ಬಂದಿರಬಹುದು. ಮೂರೂ ಮನೆಗಳವರು ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೆಗಲು ಕೊಟ್ಟವರೇ ಆಗಿರುತ್ತಾರೆ. ಆದರೆ ವೈಕುಂಠ, ಶಿವೈಕ್ಯ, ಸ್ವರ್ಗ ಎಂಬ ಈ ಮೂರು ಮಾತುಗಳು ಒಂದೇ ಅರ್ಥದವಲ್ಲ. ಅವುಗಳ ವ್ಯತ್ಯಾಸವನ್ನು ಅರಿಯದೆ ನಾವು ಬೋಧಿಸಿದರೆ, ನಾವು ಹೇಳಿದ್ದು ಒಂದು, ಕೇಳುವವರು ಗ್ರಹಿಸಿದ್ದು ಇನ್ನೊಂದು ಎಂಬಂತಾಗುತ್ತದೆ.

ಈ ಲೇಖನಕ್ಕೆ ಕಾರಣವಾದ ಘಟನೆಯೊಂದನ್ನು ಹೇಳದೆ ಮುಂದುವರಿಯುವುದು ಪ್ರಾಮಾಣಿಕವಾಗದು. ಈ ಎರಡು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕಾಡಾನೆಯ ಭಯ ದಿನನಿತ್ಯದ್ದು. ಕೆಲವು ವರ್ಷಗಳ ಹಿಂದೆ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ಕಾರ್ಮಿಕನೊಬ್ಬ ಆನೆಯ ತುಳಿತಕ್ಕೆ ಸಿಕ್ಕಿ ಮೃತನಾದ. ಆತನ ಹೆಂಡತಿ ನಮ್ಮ ವಿಶ್ವಾಸಿ, ಪ್ರತಿ ಭಾನುವಾರ ಬಲಿಪೂಜೆಗೆ ಬರುವವಳು. ನಾನು ಲೈನ್ ಮನೆಯ ಬಾಗಿಲಲ್ಲಿ ನಿಂತಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ದೆ, ಸ್ವಾಮಿ?” ನಾನು ಕೊಟ್ಟ ಉತ್ತರ: “ನಮ್ಮ ಧರ್ಮದಲ್ಲಿ ಪುನರ್ಜನ್ಮವಿಲ್ಲಮ್ಮ.” ಮಾತು ಧರ್ಮಸಭೆಯ ಬೋಧನೆಗೆ ಸರಿಯಾಗಿತ್ತು. ಆಕೆ ತಲೆ ತಗ್ಗಿಸಿ ಸುಮ್ಮನಾದಳು. ಆ ಮೌನ ಸಮಾಧಾನದ್ದಲ್ಲವೆಂದು ನನಗೆ ಅರಿವಾದದ್ದು ಬಹಳ ತಡವಾಗಿ. ಆಕೆಯ ಪ್ರಶ್ನೆ ಎಲ್ಲಿಂದ ಬಂತು, ಅದರ ಒಳಗೇನಿತ್ತು ಎಂಬುದನ್ನು ತಿಳಿಯುವ ಪ್ರಯತ್ನವೇ ಈ ಬರಹ.

ವೀರಗಲ್ಲಿನ ಮೂರು ಪಟ್ಟಿಕೆಗಳು

ನಮ್ಮ ಸುತ್ತಲಿನ ಜನರ ಪರಲೋಕ ಚಿಂತನೆಯನ್ನು ಅರಿಯಲು ಗ್ರಂಥಾಲಯಕ್ಕಿಂತ ಮೊದಲು ಊರ ಹೊರಗಿನ ವೀರಗಲ್ಲಿನ ಬಳಿಗೆ ಹೋಗಬೇಕು. ಹೊಯ್ಸಳರ ನಾಡಾದ ಹಾಸನ ಜಿಲ್ಲೆಯಲ್ಲಿ ಇಂಥ ಕಲ್ಲುಗಳು ಹೇರಳವಾಗಿವೆ, ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ವೀರಗಲ್ಲಿನ ಸಾಮಾನ್ಯ ರಚನೆ ಮೂರು ಪಟ್ಟಿಕೆಗಳದು. ಕೆಳಗಿನದರಲ್ಲಿ ಕಾಳಗ: ದನಗಳನ್ನು ಬಿಡಿಸಲು, ಊರನ್ನು ಕಾಯಲು, ಕೆಲವೊಮ್ಮೆ ಕಾಡುಮೃಗದೊಡನೆ ಹೋರಾಡಿ ಮಡಿದವನ ಚಿತ್ರ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡೂ ಬದಿಯಿಂದ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುತ್ತಾನೆ. ಅದರ ಮೇಲೆ ಸೂರ್ಯಚಂದ್ರರು.

ಸಂಕಟ, ಸ್ವರ್ಗ, ಸಾನ್ನಿಧ್ಯ ಎಂಬ ಮೂರು ಹಂತಗಳು ಇಲ್ಲಿವೆ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಅಪ್ಸರೆಯರಿರುವ ಪಟ್ಟಿಕೆ ನಡುವಿನದೇ ಹೊರತು ಕೊನೆಯದಲ್ಲ. ನೋಡುವವನ ಕಣ್ಣು ಅಲ್ಲಿ ನಿಲ್ಲದೆ ಇನ್ನೂ ಮೇಲಕ್ಕೆ, ದೇವರ ಎದುರಿಗೆ ಸಾಗುವಂತೆ ಶಿಲ್ಪಿ ಕಲ್ಲನ್ನು ಕಡೆದಿದ್ದಾನೆ. ಎರಡನೆಯದು, ಈ ಕಲ್ಲಿನಲ್ಲಿ ಮರುಹುಟ್ಟಿಗೆ ಪಟ್ಟಿಕೆಯೇ ಇಲ್ಲ. ಕರ್ಮ ಮತ್ತು ಪುನರ್ಜನ್ಮದ ಸಿದ್ಧಾಂತವನ್ನು ಒಪ್ಪಿದ ಸಮಾಜವೇ, ತನ್ನ ಪ್ರೀತಿಪಾತ್ರನೊಬ್ಬ ಮಡಿದಾಗ ಅವನು ಹಿಂದಿರುಗಿ ಬರುವುದನ್ನು ಕಲ್ಲಿನಲ್ಲಿ ಕೆತ್ತಲಿಲ್ಲ; ಅವನು ದೇವರ ಬಳಿ ಶಾಶ್ವತವಾಗಿ ಇರುವುದನ್ನು ಕೆತ್ತಿತು. ಸಿದ್ಧಾಂತಕ್ಕೂ ಶೋಕಕ್ಕೂ ನಡುವಿನ ಈ ಅಂತರವನ್ನು ನೆನಪಿಟ್ಟುಕೊಳ್ಳಬೇಕು. ಲೈನ್ ಮನೆಯಲ್ಲಿ ನನಗೆ ಕೇಳಿಬಂದದ್ದೂ ಸಿದ್ಧಾಂತವಾಗಿರಲಿಲ್ಲ, ಶೋಕವಾಗಿತ್ತು.

ಹುಟ್ಟು: ಮಳೆಯ ದಾರಿ, ಗರ್ಭದ ಪ್ರಾರ್ಥನೆ

ಮನುಷ್ಯ ಏಕೆ ಹುಟ್ಟುತ್ತಾನೆ ಎಂಬ ಪ್ರಶ್ನೆಗೆ ಹಿಂದೂ ಪರಂಪರೆಯ ಅತ್ಯಂತ ಪ್ರಾಚೀನ ಉತ್ತರಗಳಲ್ಲಿ ಒಂದು ಛಾಂದೋಗ್ಯ ಉಪನಿಷತ್ತಿನ ಐದನೆಯ ಅಧ್ಯಾಯದಲ್ಲಿದೆ. ಇಷ್ಟು ಜನ ಸಾಯುತ್ತಿದ್ದರೂ ಆ ಲೋಕವೇಕೆ ತುಂಬಿಹೋಗುವುದಿಲ್ಲ ಎಂದು ಪ್ರವಾಹಣ ಜೈವಲಿ ಎಂಬ ರಾಜ ಕೇಳುತ್ತಾನೆ. ಉತ್ತರ ಹೀಗೆ: ಜ್ಞಾನಿಗಳು ದೇವಯಾನದಲ್ಲಿ ಸಾಗಿ ಬ್ರಹ್ಮಲೋಕವನ್ನು ಸೇರುತ್ತಾರೆ, ಯಜ್ಞದಾನಗಳನ್ನು ಮಾಡಿದವರು ಪಿತೃಯಾನದಲ್ಲಿ ಚಂದ್ರಲೋಕವನ್ನು ಸೇರಿ, ಪುಣ್ಯ ಮುಗಿಯುವವರೆಗೆ ಅಲ್ಲಿದ್ದು ಹಿಂದಿರುಗುತ್ತಾರೆ. ಹಿಂದಿರುಗುವ ದಾರಿ ಆಕಾಶ, ಗಾಳಿ, ಮೋಡ, ಮಳೆ. ಮಳೆಯಾಗಿ ಇಳಿದ ಜೀವ ಭತ್ತವಾಗಿ, ಜವೆಯಾಗಿ, ಗಿಡಮರಗಳಾಗಿ ಬೆಳೆಯುತ್ತದೆ. ಅನ್ನವಾಗಿ ಮನುಷ್ಯನೊಳಗೆ ಸೇರಿ ಮತ್ತೆ ಗರ್ಭಕ್ಕೆ ಬರುತ್ತದೆ. ಮುಂಗಾರು ತಿಂಗಳುಗಟ್ಟಲೆ ಸುರಿಯುವ, ಕಣಿವೆಯ ತುಂಬ ಗದ್ದೆಗಳಿರುವ ನಮ್ಮ ಬೆಟ್ಟಗಳಲ್ಲಿ ನಿಂತು ಓದಿದರೆ ಇದು ಒಣ ತರ್ಕವಾಗಿ ಕಾಣುವುದಿಲ್ಲ. ಹೇಮಾವತಿಯನ್ನು ತುಂಬುವ ಮಳೆಯಲ್ಲಿಯೇ ಜೀವಗಳು ಮರಳಿ ಬರುತ್ತವೆ ಎಂಬ ಕಲ್ಪನೆ ಅನ್ನವನ್ನು, ನೀರನ್ನು, ಪಿತೃಗಳನ್ನು ಒಂದೇ ಸೂತ್ರದಲ್ಲಿ ಕಟ್ಟುತ್ತದೆ. ಮಹಾಲಯ ಅಮಾವಾಸ್ಯೆಯಂದು ನೆರೆಮನೆಯವರು ಹಿರಿಯರಿಗೆ ಎಡೆ ಇಡುವಾಗ ಈ ಸೂತ್ರವೇ ಅವರ ಕೈಯಲ್ಲಿರುತ್ತದೆ.

ಇದೇ ಅಧ್ಯಾಯ ಇನ್ನೊಂದು ಮಾತನ್ನೂ ಹೇಳುತ್ತದೆ: ಒಳ್ಳೆಯ ನಡತೆಯವರು ಒಳ್ಳೆಯ ಯೋನಿಯಲ್ಲಿ, ಅಂದರೆ ಮೇಲಿನ ಮೂರು ವರ್ಣಗಳಲ್ಲಿ ಹುಟ್ಟುತ್ತಾರೆ, ಕೆಟ್ಟ ನಡತೆಯವರು ನಾಯಿ, ಹಂದಿ ಅಥವಾ ಚಂಡಾಲರ ಯೋನಿಯಲ್ಲಿ ಹುಟ್ಟುತ್ತಾರೆ. ಈ ಮಾತಿನ ಭಾರವನ್ನು ಹೊತ್ತವರು ಯಾರೆಂಬುದನ್ನು ನಾವು ಮರೆಯಬಾರದು. ದಲಿತ ಕುಟುಂಬದಲ್ಲಿ ಹುಟ್ಟಿದ ಮಗುವಿಗೆ ಅದರ ಹುಟ್ಟೇ ಶಿಕ್ಷೆ ಎಂದು ಹೇಳುವ ಓದಿಗೆ ಇಲ್ಲಿ ಆಧಾರವಿದೆ. ಭಕ್ತಿಪಂಥಗಳ ಮಹತ್ವ ತಿಳಿಯುವುದು ಇಲ್ಲಿಯೇ. ಏಕೆಂದರೆ ಈ ಓದನ್ನು ಒಳಗಿನಿಂದಲೇ ಪ್ರಶ್ನಿಸಿದವರು ಭಕ್ತರು. 12ನೆಯ ಶತಮಾನದ ಬಸವಣ್ಣ ಮತ್ತು ಶರಣರು ಕುಲವನ್ನು ಹುಟ್ಟಿನಿಂದ ಅಳೆಯದೆ ಭಕ್ತಿಯಿಂದ ಅಳೆದರು. 16ನೆಯ ಶತಮಾನದ ಕನಕದಾಸರು ಕುಲದ ಹೆಮ್ಮೆಯನ್ನು ಕೀರ್ತನೆಗಳಲ್ಲಿ ಖಂಡಿಸಿದ್ದಲ್ಲದೆ, ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಬಡವರ ಧಾನ್ಯವಾದ ರಾಗಿಗೆ ಶ್ರೀರಾಮನಿಂದಲೇ ಮನ್ನಣೆ ಕೊಡಿಸಿದರು.

ಭಾಗವತ ಪುರಾಣವು ಹುಟ್ಟನ್ನು ಬೇರೊಂದು ಕಡೆಯಿಂದ ನೋಡುತ್ತದೆ. ಅದರ ಮೂರನೆಯ ಸ್ಕಂಧದ 31ನೆಯ ಅಧ್ಯಾಯದಲ್ಲಿ ಕಪಿಲ ಮುನಿ ತನ್ನ ತಾಯಿ ದೇವಹೂತಿಗೆ ಗರ್ಭಸ್ಥ ಶಿಶುವಿನ ವೃತ್ತಾಂತವನ್ನು ಹೇಳುತ್ತಾನೆ. ಏಳನೆಯ ತಿಂಗಳಲ್ಲಿ ಅರಿವು ಮೂಡಿದ ಜೀವ ತನ್ನ ಹಿಂದಿನ ಜನ್ಮಗಳನ್ನು ನೆನೆದು, ಇಕ್ಕಟ್ಟಿನಲ್ಲಿ ಕೈಮುಗಿದು ದೇವರನ್ನು ಸ್ತುತಿಸುತ್ತದೆ. ಹೊರಗಿನ ಮಾಯೆಯ ಕತ್ತಲೆಗೆ ಬೀಳುವುದಕ್ಕಿಂತ ಇಲ್ಲಿಯೇ ಇರುವುದು ಮೇಲೆಂದು ಬೇಡುತ್ತದೆ. ಆದರೆ ಪ್ರಸವದ ನೋವಿನಲ್ಲಿ ನೆನಪೆಲ್ಲ ಅಳಿದು, ಅಳುತ್ತಾ ಹೊರಬರುತ್ತದೆ. ಇಲ್ಲಿ ಹುಟ್ಟೆಂದರೆ ಮರೆವು, ಭಕ್ತಿಯೆಂದರೆ ಆ ಮರೆತ ಪ್ರಾರ್ಥನೆಯನ್ನು ಮರಳಿ ಪಡೆಯುವುದು.

ಮೂರನೆಯ ನೋಟ ಶೈವ ಕಾವ್ಯದ್ದು. ಹೊಯ್ಸಳರ ರಾಜಧಾನಿ ದೋರಸಮುದ್ರದಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುವ ಹರಿಹರ ಕವಿಯ ರಗಳೆಗಳಲ್ಲಿ ಶರಣರ ಬದುಕು ಆರಂಭವಾಗುವುದು ಕೈಲಾಸದಲ್ಲಿ. ಬಸವಣ್ಣನು ಮೊದಲು ವೃಷಭಮುಖನೆಂಬ ಗಣ. ಪ್ರಸಾದ ಹಂಚುವಾಗ ಷಣ್ಮುಖನಿಗೆ ಕೊಡದೆ ಕೊಟ್ಟೆನೆಂದ ತಪ್ಪಿಗೆ ಶಿವನು ಅವನನ್ನು ಭೂಮಿಗೆ ಕಳುಹಿಸುತ್ತಾನೆ. ಹಲವು ರಗಳೆಗಳ ಕೊನೆಯಲ್ಲಿ ವಿಮಾನವೊಂದು ಇಳಿದು ಶರಣನನ್ನು ಕೈಲಾಸಕ್ಕೆ ಕರೆದೊಯ್ಯುತ್ತದೆ. ಇಲ್ಲಿ ಹುಟ್ಟು ಕರ್ಮಚಕ್ರದ ಒಂದು ಸುತ್ತಲ್ಲ. ಅದು ಒಡೆಯನ ಮನೆಯಿಂದ ಬಂದ ಆಳು ಕೆಲಸ ಮುಗಿಸಿ ಮನೆಗೆ ಮರಳುವ ಯಾತ್ರೆ.

ಸಂಕಟ: ಸಾಲವೋ, ಪರೀಕ್ಷೆಯೋ, ಕರೆಯೋ?

ಸಂಕಟವನ್ನು ಕುರಿತು ಭಕ್ತಿಪಂಥಗಳಲ್ಲಿ ಒಂದಲ್ಲ, ಕನಿಷ್ಠ ಮೂರು ಮಾತುಗಳು ಕೇಳಿಬರುತ್ತವೆ. ಮೊದಲನೆಯದು ಎಲ್ಲರಿಗೂ ತಿಳಿದಿರುವ ಕರ್ಮದ ಮಾತು. ಕೂಡಿಟ್ಟ ಕರ್ಮ ಸಂಚಿತ, ಈಗ ಫಲ ಕೊಡುತ್ತಿರುವುದು ಪ್ರಾರಬ್ಧ, ಮುಂದೆ ಫಲ ಕೊಡಲಿರುವುದು ಆಗಾಮಿ. ಭಗವಂತನ ಕೃಪೆಯಿಂದ ಸಂಚಿತ ಸುಟ್ಟುಹೋಗಬಹುದು. ಆದರೆ ಬಿಟ್ಟ ಬಾಣದಂತಿರುವ ಪ್ರಾರಬ್ಧವನ್ನು ಉಂಡೇ ತೀರಿಸಬೇಕು ಎಂಬುದು ಬಹುಮಟ್ಟಿಗೆ ಒಪ್ಪಿತವಾದ ನಿಲುವು. ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ದೇವರು ಅನ್ಯಾಯಗಾರನಲ್ಲ, ಲೋಕದಲ್ಲಿ ಯಾವ ಕೃತ್ಯವೂ ಲೆಕ್ಕವಿಲ್ಲದೆ ಹೋಗುವುದಿಲ್ಲ ಎಂಬ ನೈತಿಕ ಗಾಂಭೀರ್ಯ ಅದರಲ್ಲಿದೆ.

ಎರಡನೆಯದು ಪರೀಕ್ಷೆಯ ಮಾತು. ಹರಿಹರನ ಸೋದರಳಿಯ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ರಾಜನು ರಾಜ್ಯವನ್ನು ಕಳೆದುಕೊಂಡು, ಹೆಂಡತಿಮಕ್ಕಳನ್ನು ಮಾರಿ, ಸುಡುಗಾಡು ಕಾಯುವುದು ಹಿಂದಿನ ಜನ್ಮದ ಪಾಪಕ್ಕಲ್ಲ, ದೇವಸಭೆಯಲ್ಲಿ ಅವನ ಸತ್ಯನಿಷ್ಠೆಯನ್ನು ಕುರಿತು ವಸಿಷ್ಠ ವಿಶ್ವಾಮಿತ್ರರಿಗೆ ನಡೆದ ವಾದದ ಫಲವಾಗಿ. ಯೋಬನ ಗ್ರಂಥದ ಮೊದಲ ಎರಡು ಅಧ್ಯಾಯಗಳನ್ನು ಓದಿದವರಿಗೆ ಈ ಸಾಮ್ಯ ಕೂಡಲೇ ಹೊಳೆಯುತ್ತದೆ. ಅಲ್ಲಿಯೂ ಪರಲೋಕದ ಸಭೆಯಿದೆ, ನೀತಿವಂತನ ಬಗ್ಗೆ ಸಂಶಯದ ಮಾತಿದೆ, ಅವನಿಗೆ ತಿಳಿಯದ ಕಾರಣಕ್ಕೆ ಅವನಿಗೆ ಬಂದೊದಗಿದ ನಾಶವಿದೆ. ಕರ್ಮದ ಲೆಕ್ಕ ಒಗ್ಗದ ಸಂಕಟ ಉಂಟೆಂಬುದನ್ನು ನಮ್ಮ ನಾಡಿನ ಸಾಮಾನ್ಯ ಜನರು ಹರಿಶ್ಚಂದ್ರನ ಕಥೆಯಿಂದಲೇ ಬಲ್ಲರು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಅತ್ಯಂತ ಆಳವಾದುದು, ಕರೆಯ ಮಾತು. ಭಾಗವತದ ಮೊದಲನೆಯ ಸ್ಕಂಧದಲ್ಲಿ ಕುಂತಿ ಕೃಷ್ಣನಲ್ಲಿ ಬೇಡುವುದು ಸುಖವನ್ನಲ್ಲ. ಆಪತ್ತಿನಲ್ಲಿ ನಿನ್ನ ದರ್ಶನವಾಗುವುದರಿಂದ ನಮಗೆ ಆಪತ್ತುಗಳೇ ಬರುತ್ತಿರಲಿ ಎಂಬುದು ಆಕೆಯ ಬೇಡಿಕೆಯ ಸಾರ. ದಾಸ ಪರಂಪರೆಯಲ್ಲಿ ಪುರಂದರದಾಸರ ಜೀವನಕಥೆಯೂ ಇದನ್ನೇ ಸಾರುತ್ತದೆ: ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕನಿಗೆ ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದು, ಸಂಪತ್ತೆಲ್ಲ ಕೈಬಿಟ್ಟುಹೋದದ್ದೇ ಅವನಿಗೆ ದೇವರು ಸಿಕ್ಕ ದಾರಿಯಾಯಿತು.

ಆನೆಗಳ ಹೆಜ್ಜೆಗುರುತುಗಳ ನಡುವೆ ಬದುಕುವ ನಮ್ಮ ಜನರಿಗೆ ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರ ಮೋಕ್ಷವೂ ಪರಿಚಿತವೇ. ಮೊಸಳೆಯ ಬಾಯಿಗೆ ಸಿಕ್ಕ ಆನೆ ಬಹುಕಾಲ ತನ್ನ ಬಲದಿಂದ ಹೋರಾಡಿ, ಬಲ ಸೋತ ಮೇಲೆ ಸೊಂಡಿಲಲ್ಲಿ ಕಮಲ ಹಿಡಿದು ಕೂಗುತ್ತದೆ, ಹರಿ ಓಡಿಬರುತ್ತಾನೆ. ಆ ಆನೆ ಅಗಸ್ತ್ಯರ ಶಾಪದಿಂದ ಹಾಗೆ ಹುಟ್ಟಿದ ಇಂದ್ರದ್ಯುಮ್ನ ರಾಜನೆಂದು ಪುರಾಣ ಹೇಳುತ್ತದೆ. ಹಳೆಯ ತಪ್ಪಿನ ಲೆಕ್ಕ ಅಲ್ಲಿ ಇದೆ, ಆದರೆ ಬಿಡುಗಡೆ ಆ ಲೆಕ್ಕ ತೀರಿದ್ದರಿಂದ ಬಂದುದಲ್ಲ. ಕೂಗು ಕೇಳಿದ್ದರಿಂದ ಬಂದುದು.

ಲೋಕಗಳು: ಸ್ವರ್ಗವೇ ಕೊನೆಯಲ್ಲ

ಗಜೇಂದ್ರನ ಕಥೆಯ ಕೊನೆಯಲ್ಲಿ, ಬಹುಮಂದಿ ಗಮನಿಸದ ಒಂದು ವಿವರವಿದೆ. ಮೊಸಳೆಯೂ ಶಾಪಗ್ರಸ್ತನೇ, ಹೂಹೂ ಎಂಬ ಗಂಧರ್ವ. ವಿಷ್ಣುವಿನ ಕೈಯಿಂದ ಅವನಿಗೂ ಬಿಡುಗಡೆಯಾಗುತ್ತದೆ. ಆದರೆ ಅವನು ಹೋಗುವುದು ತನ್ನ ಹಳೆಯ ಗಂಧರ್ವಲೋಕಕ್ಕೆ. ಗಜೇಂದ್ರನಾದರೋ ವಿಷ್ಣುವಿನ ರೂಪವನ್ನೇ ಪಡೆದು ಅವನೊಡನೆ ಹೋಗುತ್ತಾನೆ. ಇಬ್ಬರಿಗೂ ದೊರೆತದ್ದು ದಿವ್ಯಲೋಕವೇ, ಆದರೆ ಒಂದೇ ಲೋಕವಲ್ಲ. ಸ್ವರ್ಗಕ್ಕೂ ವೈಕುಂಠಕ್ಕೂ ಇರುವ ವ್ಯತ್ಯಾಸ ಈ ಒಂದು ದೃಶ್ಯದಲ್ಲಿ ಅಡಗಿದೆ.

ಸ್ವರ್ಗ ಇಂದ್ರನ ಲೋಕ, ಪುಣ್ಯದ ಫಲವಾದ ಭೋಗದ ಸ್ಥಾನ. ಪುಣ್ಯ ತೀರಿದ ಮೇಲೆ ಅಲ್ಲಿಂದ ಮರ್ತ್ಯಲೋಕಕ್ಕೆ ಮರಳಲೇಬೇಕೆಂದು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಬ್ರಹ್ಮಲೋಕದವರೆಗಿನ ಎಲ್ಲ ಲೋಕಗಳಿಂದಲೂ ಮರಳುವಿಕೆ ಉಂಟೆಂದು ಎಂಟನೆಯ ಅಧ್ಯಾಯ ಹೇಳುತ್ತದೆ. ಆದುದರಿಂದ ಭಕ್ತನಿಗೆ ಸ್ವರ್ಗ ಗುರಿಯಲ್ಲ, ಅದೊಂದು ತಂಗುದಾಣ. ಕೆಲವೊಮ್ಮೆ ಪ್ರಲೋಭನೆಯೂ ಹೌದು. ಗುರಿಯ ವಿಷಯದಲ್ಲಿ ನಮ್ಮ ನಾಡಿನ ಮೂರು ಪರಂಪರೆಗಳು ಮೂರು ರೀತಿಯಲ್ಲಿ ಮಾತನಾಡುತ್ತವೆ.

ಶ್ರೀವೈಷ್ಣವರಿಗೆ ಗುರಿ ವೈಕುಂಠ. ರಾಮಾನುಜರು ಮೇಲುಕೋಟೆಯಲ್ಲಿ ನೆಲೆಸಿದ್ದ ಕಾಲದ ನೆನಪು ಈ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ; ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ ನಮ್ಮ ನೆರೆಯಲ್ಲೇ ಇದೆ. ವೈಕುಂಠದಲ್ಲಿ ಮುಕ್ತನಿಗೆ ಶುದ್ಧಸತ್ತ್ವದಿಂದಾದ ದಿವ್ಯದೇಹವಿರುತ್ತದೆ. ಅಲ್ಲಿನ ಆನಂದವೆಂದರೆ ಭೋಗವಲ್ಲ, ಕೈಂಕರ್ಯ, ಅಂದರೆ ಪ್ರೀತಿಯ ಸೇವೆ. ಅಲ್ಲಿಗೆ ತಲುಪುವುದು ಹೇಗೆಂಬ ವಿಷಯದಲ್ಲಿ ವಡಗಲೈ ತೆಂಗಲೈ ಪಂಗಡಗಳ ನಡುವೆ ನಡೆದ ಚರ್ಚೆ, ಮರಿಯೇ ತಾಯಿಯನ್ನು ಅವಚಿಕೊಳ್ಳುವ ಮಂಗನ ದೃಷ್ಟಾಂತ ಮತ್ತು ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವ ಬೆಕ್ಕಿನ ದೃಷ್ಟಾಂತ, ಕೃಪೆ ಮತ್ತು ಸ್ವತಂತ್ರ ಸಂಕಲ್ಪವನ್ನು ಕುರಿತು ನಮ್ಮ ದೈವಶಾಸ್ತ್ರದಲ್ಲಿ ನಡೆದ ವಾದಗಳನ್ನು ಓದಿದ ಯಾರಿಗೂ ಅಪರಿಚಿತವೆನಿಸದು.

ಮಧ್ವಾಚಾರ್ಯರ (1238–1317) ಪರಂಪರೆಯಲ್ಲಿ ಮುಕ್ತಿಗೆ ಸಾಲೋಕ್ಯ, ಸಾಮೀಪ್ಯ, ಸಾರೂಪ್ಯ, ಸಾಯುಜ್ಯ ಎಂಬ ಬಗೆಗಳುಂಟು. ಮುಕ್ತಿಯಲ್ಲಿಯೂ ಆನಂದದ ತಾರತಮ್ಯವುಂಟು. ಚತುರ್ಮುಖ ಬ್ರಹ್ಮನಿಂದ ಸಾಮಾನ್ಯ ಮುಕ್ತ ಮನುಷ್ಯನವರೆಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಯೋಗ್ಯತೆಯಷ್ಟು ಪೂರ್ಣರು, ಅಲ್ಲಿ ಅಸೂಯೆಯಿಲ್ಲ. ಜಗನ್ನಾಥದಾಸರ (1728–1809) ‘ಹರಿಕಥಾಮೃತಸಾರ’ ಈ ತತ್ತ್ವವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ಮನೆಮನೆಗೆ ಮುಟ್ಟಿಸಿತು. ಆದರೆ ಈ ತಾರತಮ್ಯ ಜೀವನ ಸ್ವರೂಪದಲ್ಲಿಯೇ ಇರುವಂಥದ್ದು. ಕೆಲವು ಜೀವರು ಮುಕ್ತಿಯೋಗ್ಯರು, ಕೆಲವರು ನಿತ್ಯಸಂಸಾರಿಗಳು, ಕೆಲವರು ತಮೋಯೋಗ್ಯರು ಎಂಬ ತ್ರಿವಿಧ ವಿಭಾಗವೂ ಇದರೊಡನೆ ಬರುತ್ತದೆ.

ಶರಣರದು ಬೇರೆಯೇ ದನಿ. ದೇವಲೋಕವನ್ನು ಸತ್ತ ಮೇಲೆ ಸೇರುವ ದೂರದ ಊರಾಗಿ ನೋಡದೆ, ಸತ್ಯವೂ ಸದಾಚಾರವೂ ಇರುವಲ್ಲಿಯೇ ಅದನ್ನು ಕಂಡವರು ಅವರು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್ಸ್ಥಲದ ಕೊನೆಯ ಮೆಟ್ಟಿಲು ಬದುಕಿರುವಾಗಲೇ ಸಾಧಿಸಬೇಕಾದುದು. ಆದ್ದರಿಂದ ಲಿಂಗಾಯತರ ಮನೆಯಲ್ಲಿ ಮೃತರನ್ನು ‘ಸ್ವರ್ಗಸ್ಥ’ರೆನ್ನುವುದಕ್ಕಿಂತ ‘ಲಿಂಗೈಕ್ಯ’ರೆನ್ನುವುದೇ ಉಚಿತ, ಇಷ್ಟಲಿಂಗದೊಡನೆ ಸಮಾಧಿ ಮಾಡುವ ಪದ್ಧತಿಯೂ ಇದೇ ನಂಬಿಕೆಯ ಸಂಕೇತ.

ನಮ್ಮ ವಿಶ್ವಾಸದ ಬೆಳಕಿನಲ್ಲಿ

ದ್ವಿತೀಯ ವ್ಯಾಟಿಕನ್ ಮಹಾಸಭೆಯ ‘ನೋಸ್ತ್ರಾ ಎತಾತೆ’ (1965) ಹಿಂದೂ ಧರ್ಮವನ್ನು ಹೆಸರಿಸಿ, ಮಾನವ ಸ್ಥಿತಿಯ ವ್ಯಥೆಯಿಂದ ಬಿಡುಗಡೆಯನ್ನು ಅರಸುವ ಅದರ ಮಾರ್ಗಗಳಲ್ಲಿ ಪ್ರೀತಿ ವಿಶ್ವಾಸಗಳಿಂದ ದೇವರಿಗೆ ಶರಣಾಗುವುದನ್ನೂ ಎಣಿಸುತ್ತದೆ. ಆ ಗೌರವದಿಂದಲೇ, ಎಲ್ಲಿ ನಾವು ಒಂದಾಗುತ್ತೇವೆ, ಎಲ್ಲಿ ಬೇರೆಯಾಗುತ್ತೇವೆ ಎಂಬುದನ್ನು ನಿಖರವಾಗಿ ಹೇಳಬೇಕು.

ಹುಟ್ಟಿನ ವಿಷಯ. ಪ್ರತಿಯೊಂದು ಆತ್ಮವನ್ನೂ ದೇವರೇ ನೇರವಾಗಿ ಸೃಷ್ಟಿಸುತ್ತಾರೆಂದು ಧರ್ಮಸಭೆ ಬೋಧಿಸುತ್ತದೆ. ಆತ್ಮಗಳು ಮೊದಲೇ ಇದ್ದು ತಪ್ಪಿನಿಂದ ದೇಹಕ್ಕೆ ಬಿದ್ದುವೆಂಬ, ಒರಿಜೆನನ ಹೆಸರಿಗೆ ಅಂಟಿದ ಅಭಿಪ್ರಾಯ 543ರಲ್ಲಿಯೇ ಖಂಡಿತವಾಯಿತು. ಹುಟ್ಟು ಶಿಕ್ಷೆಯಲ್ಲ, ಸಾಲವೂ ಅಲ್ಲ. ಯೆರೆಮೀಯನ ಕರೆಯಲ್ಲಿ ಕಾಣುವಂತೆ, ಗರ್ಭದಲ್ಲಿ ರೂಪುಗೊಳ್ಳುವ ಮೊದಲೇ ದೇವರಿಗೆ ಪರಿಚಿತವಾದ ಹೆಸರು. ಯಾವ ಕುಲದ ಮಗುವಿನ ಹುಟ್ಟೂ ಅದರ ಅಪರಾಧದ ದಾಖಲೆಯಲ್ಲ ಎಂಬುದು ಇದರ ನೇರ ಪರಿಣಾಮ. ಆದರೆ ನಾವೂ ಹುಟ್ಟನ್ನು ಕೇವಲ ಹರ್ಷವೆಂದು ಹೇಳುವವರಲ್ಲ. ಮೂಲಪಾಪದಿಂದ ಗಾಯಗೊಂಡ ಸ್ಥಿತಿಯಲ್ಲಿ ಹುಟ್ಟುತ್ತೇವೆಂದೂ ಎರಡನೆಯ ಹುಟ್ಟು ಬೇಕೆಂದೂ ಹೇಳುತ್ತೇವೆ. ಮತ್ತೆ ತಾಯಿಯ ಗರ್ಭವನ್ನು ಹೊಕ್ಕು ಹುಟ್ಟಲಾದೀತೇ ಎಂದು ನಿಕೊದೇಮನು ಕೇಳಿದಾಗ (ಯೊವಾನ್ನ 3), ಪ್ರಭು ಯೇಸು ತೋರಿಸಿದ್ದು ಇನ್ನೊಂದು ಗರ್ಭವನ್ನಲ್ಲ, ನೀರನ್ನೂ ಪವಿತ್ರಾತ್ಮರನ್ನೂ. ಮರುಹುಟ್ಟಿಗೆ ನಮ್ಮಲ್ಲಿ ಸ್ಥಾನವಿದೆ. ಆದರೆ ಅದು ಸಾವಿನ ಆಚೆಗಲ್ಲ, ದೀಕ್ಷಾಸ್ನಾನದ ತೊಟ್ಟಿಯಲ್ಲಿ.

ಸಂಕಟದ ವಿಷಯ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ ಪ್ರಶ್ನೆ (ಯೊವಾನ್ನ 9) ನಮ್ಮ ಊರಿನ ಪ್ರಶ್ನೆಯೇ: ಪಾಪ ಇವನದೋ, ಇವನ ತಂದೆತಾಯಿಯರದೋ? ಪ್ರಭು ಎರಡನ್ನೂ ನಿರಾಕರಿಸುತ್ತಾರೆ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿಯ ಮಾತು ಬಂದಾಗಲೂ (ಲೂಕ 13) ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂಬ ಊಹೆಯನ್ನು ಅವರು ತಳ್ಳಿಹಾಕುತ್ತಾರೆ. ಗೋಪುರದ ಜಾಗದಲ್ಲಿ ಆನೆಯನ್ನಿಟ್ಟು ಓದಿದರೆ ಆ ವಾಕ್ಯ ಆಲೂರಿನ ತೋಟದಲ್ಲಿ ನುಡಿದಂತಿರುತ್ತದೆ. ಎರಡನೆಯ ಜಾನ್ ಪೌಲರು ‘ಸಾಲ್ವಿಫಿಚಿ ದೊಲೋರಿಸ್’ (1984) ಪತ್ರದಲ್ಲಿ, ಸಂಕಟವೆಲ್ಲವೂ ಶಿಕ್ಷೆಯಲ್ಲವೆಂಬುದನ್ನು ಯೋಬನ ಗ್ರಂಥದಿಂದ ವಿವರಿಸಿ, ಉತ್ತರವನ್ನು ಶಿಲುಬೆಯ ಕಡೆಗೆ ತಿರುಗಿಸುತ್ತಾರೆ. ಗಜೇಂದ್ರನ ಕೂಗಿಗೆ ಹರಿ ಓಡಿಬಂದು ಮೊಸಳೆಯನ್ನು ಕೊಂದನು. ನಮ್ಮ ಶುಭಸಂದೇಶದಲ್ಲಿ ದೇವಪುತ್ರ ತಾನೇ ಸಿಕ್ಕಿಬಿದ್ದವನ ಸ್ಥಾನಕ್ಕೆ ಇಳಿದು, ಅಲ್ಲಿಂದಲೇ ಕೂಗುತ್ತಾರೆ. ಎರಡು ಕಥೆಗಳ ಸಾಮೀಪ್ಯವೂ ಅಂತರವೂ ಇಲ್ಲಿದೆ.

ಪರಲೋಕದ ವಿಷಯ. ಮನುಷ್ಯನ ಭೂಬದುಕು ಒಂದೇ ಬಾರಿಯದೆಂದು ಹಿಬ್ರಿಯರಿಗೆ ಬರೆದ ಪತ್ರವನ್ನು (9:27) ಆಧರಿಸಿ ‘ಲೂಮೆನ್ ಜೆಂತ್ಸಿಯುಮ್’ (48) ಮತ್ತು ‘ಕಥೋಲಿಕ ಧರ್ಮೋಪದೇಶ’ (1013) ಹೇಳುತ್ತವೆ. ಪುಣ್ಯ ತೀರಿ ಮರಳಬೇಕಾದ ಸ್ವರ್ಗವನ್ನು ನಾವು ಬೋಧಿಸುವುದಿಲ್ಲ. ಏಕೆಂದರೆ ನಮ್ಮ ಸ್ವರ್ಗ ಪುಣ್ಯದ ಸಂಬಳವಲ್ಲ, ದೇವರ ಮುಖದರ್ಶನ, ಕ್ರಿಸ್ತರೊಡನೆ ಇರುವಿಕೆ. 1336ರ ‘ಬೆನೆದಿಕ್ತುಸ್ ದೇವುಸ್’ ಆ ದರ್ಶನ ಮುಗಿಯದೆಂದು ನಿರ್ಣಯಿಸಿತು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ, ದರ್ಶನದ ಪೂರ್ಣತೆಯಲ್ಲಿ ವ್ಯತ್ಯಾಸವಿರುವುದನ್ನೂ ಹೇಳಿತು. ಬಾಲಯೇಸುವಿನ ಸಂತ ತೆರೇಸಾಳಿಗೆ ಆಕೆಯ ಅಕ್ಕ ದೊಡ್ಡ ಲೋಟವನ್ನೂ ಪುಟ್ಟ ಬೆರಳುಟೊಪ್ಪಿಯನ್ನೂ ನೀರಿನಿಂದ ತುಂಬಿ, ಎರಡೂ ಪೂರ್ಣವೇ ಎಂದು ತೋರಿಸಿದ ಕಥೆ ಮಾಧ್ವರಿಗೆ ತಮ್ಮ ಮನೆಯದೇ ಎನಿಸಬಹುದು. ವ್ಯತ್ಯಾಸವಿರುವುದು ಪಾತ್ರೆಯ ಗಾತ್ರ ಎಲ್ಲಿಂದ ಬಂತೆಂಬಲ್ಲಿ. ಸಂತ ತೋಮಸ್ ಅಕ್ವಿನಾಸರ ಪ್ರಕಾರ ಹೆಚ್ಚು ಪ್ರೀತಿಸಿದವರು ಹೆಚ್ಚು ಕಾಣುತ್ತಾರೆ. ಪಾತ್ರೆ ಪ್ರೀತಿಯಿಂದ ಹಿಗ್ಗುತ್ತದೆ. ಯಾರೂ ಸ್ವರೂಪದಿಂದಲೇ ಕತ್ತಲೆಗೆ ಮೀಸಲಾದವರಲ್ಲ.

ಪಾಲನಾ ಸೇವೆಗೆ ಮೂರು ಮಾತು

ಮೊದಲನೆಯದು, ಪದಪ್ರಯೋಗದಲ್ಲಿ ಎಚ್ಚರ. ಕನ್ನಡ ಪವಿತ್ರಗ್ರಂಥದ ಅನುವಾದಗಳಲ್ಲಿ ‘ಪರಲೋಕ’, ‘ಸ್ವರ್ಗ’ ಎಂಬೆರಡು ಪದಗಳೂ ಬಳಕೆಯಲ್ಲಿವೆ. ಎರಡನ್ನೂ ನಾವು ಬಿಡಲಾರೆವು, ಬಿಡಬೇಕಾಗಿಯೂ ಇಲ್ಲ. ಆದರೆ ಮೃತ್ಯುವಿನ ಮನೆಯಲ್ಲಿ ಹಿಂದೂ ನೆಂಟರು ಕುಳಿತಿರುವಾಗ ‘ಸ್ವರ್ಗಕ್ಕೆ ಹೋದರು’ ಎಂದು ಹೇಳಿ ನಿಲ್ಲಿಸಿದರೆ, ಅವರು ಅದನ್ನು ವೀರಗಲ್ಲಿನ ನಡುಪಟ್ಟಿಕೆಯಾಗಿ ಕೇಳಬಹುದು. ‘ದೇವರ ಸನ್ನಿಧಿಯಲ್ಲಿದ್ದಾರೆ’, ‘ಕ್ರಿಸ್ತರೊಡನೆ ಇದ್ದಾರೆ, ದೇಹದ ಪುನರುತ್ಥಾನವನ್ನು ಎದುರುನೋಡುತ್ತಿದ್ದಾರೆ’ ಎಂದು ಒಂದು ಮಾತು ಸೇರಿಸಿದರೆ ಮೇಲಿನ ಪಟ್ಟಿಕೆ ತೆರೆದುಕೊಳ್ಳುತ್ತದೆ.

ಎರಡನೆಯದು, ನಮ್ಮವರ ಆಚರಣೆಗಳನ್ನು ಹೀಯಾಳಿಸದಿರುವುದು. ವೈಕುಂಠವಾಸಿಯೆಂದು ಅಚ್ಚು ಹಾಕಿಸಿ ಮತ್ತೆ ಶ್ರಾದ್ಧ ಮಾಡುವುದೇಕೆ ಎಂದು ನಗುವವರು, ಸ್ವರ್ಗಸ್ಥರೆಂದು ಅಚ್ಚು ಹಾಕಿಸಿದ ಬಳಿಕ ಆತ್ಮಶಾಂತಿಗಾಗಿ ಪೂಜೆ ಬರೆಸುವ ನಮ್ಮನ್ನೂ ನೋಡಿಕೊಳ್ಳಬೇಕು. ಎರಡೂ ಕಡೆ ಪ್ರೀತಿ ಸತ್ತವರನ್ನು ಕೈಬಿಡಲು ಒಪ್ಪುತ್ತಿಲ್ಲ. ಶುದ್ಧೀಕರಣವನ್ನೂ ಸಂತರ ಅನ್ಯೋನ್ಯತೆಯನ್ನೂ ವಿವರಿಸಲು ನವೆಂಬರ್ ತಿಂಗಳ ಪ್ರಬೋಧನೆಗಳಲ್ಲಿ ಇದಕ್ಕಿಂತ ಒಳ್ಳೆಯ ಆರಂಭ ನಮಗೆ ದೊರೆಯಲಾರದು.

ಮೂರನೆಯದು, ಪ್ರಶ್ನೆಯನ್ನು ಕೊನೆಯವರೆಗೆ ಕೇಳುವುದು. ‘ಯಾವ ಜನ್ಮದ ಪಾಪ’ ಎಂದ ಆ ಹೆಂಗಸು ಪುನರ್ಜನ್ಮವನ್ನು ಕುರಿತು ನನ್ನ ಅಭಿಪ್ರಾಯ ಕೇಳಿರಲಿಲ್ಲ. ಈ ನಾಡಿನ ಭಾಷೆಯಲ್ಲಿ, ಆಕೆಗೆ ತಿಳಿದಿದ್ದ ಒಂದೇ ವಾಕ್ಯದಲ್ಲಿ, ಗಂಡನ ಸಾವಿಗೆ ತಾನು ಕಾರಣಳೇ ಎಂದು ಕೇಳಿದ್ದಳು. ನಾನು ವಾಕ್ಯದ ವ್ಯಾಕರಣವನ್ನು ತಿದ್ದಿದೆ, ಪ್ರಶ್ನೆಗೆ ಉತ್ತರಿಸಲಿಲ್ಲ. ಉತ್ತರವೋ ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಸಿದ್ಧವಾಗಿಯೇ ಇತ್ತು: ಅವನ ಪಾಪವೂ ಅಲ್ಲ, ನಿನ್ನ ಪಾಪವೂ ಅಲ್ಲ, ತಾಯಿ. ಅದನ್ನು ಆ ದಿನ ಬಾಗಿಲಲ್ಲಿ ನಿಂತು ಹೇಳಬೇಕಾಗಿತ್ತು. ವರ್ಷವೊಂದು ಕಳೆದ ಮೇಲೆ, ಸ್ಮರಣೆಯ ಬಲಿಪೂಜೆಯ ದಿನ, ಹೋಗಿ ಹೇಳಿದೆ. ಆಗ ಆಕೆ ಅತ್ತಳು.